ಹಳೇ 32 ಬಿಟ್ ನೆಟ್‌ಬುಕ್‌ನಲ್ಲಿ ಚಿಕನ್ ಸ್ಕೀಮ್: ಬಹಳ ಕಾಲ ಬಳಸಿದವನ ಮಾತು

ಮಂಡ್ಯದ ಹತ್ತಿರ ಇರುವ ನಮ್ಮ ಆಲೆಮನೆಯ ಲೆಕ್ಕವೆಲ್ಲ ಈಗ ಚಿಕನ್ ಸ್ಕೀಮ್‌ನಲ್ಲಿ ಬರೆದ ಪ್ರೋಗ್ರಾಂನಲ್ಲೇ ನಡೆಯುತ್ತದೆ. ಸ್ಕೀಮ್ ಅನ್ನೋದು ಒಂದು ಪ್ರೋಗ್ರಾಮಿಂಗ್ ಭಾಷೆ, ಚಿಕನ್ ಅದರ ಕಂಪೈಲರ್, ಅಂದರೆ ಆ ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಸಾಫ್ಟ್‌ವೇರ್. ಕಂಪ್ಯೂಟರ್ ಅಂದರೆ ಇಂಟೆಲ್ ಆಟಮ್ ಎನ್270 ಇರುವ ಹಳೇ ನೆಟ್‌ಬುಕ್. 1 ಜಿಬಿ ಮೆಮೊರಿ, 32 ಬಿಟ್. ಅದರಲ್ಲಿರುವ ಲುಬುಂಟು 18.04 ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗೆ 2021ರಲ್ಲೇ ಸಪೋರ್ಟ್ ನಿಂತಿತು. ಈಗ ಯಾವ ಪ್ರೋಗ್ರಾಮಿಂಗ್ ಭಾಷೆ ಹುಡುಕಿದರೂ ರೆಡಿ ಸಿಗುವುದು 64 ಬಿಟ್ ಫೈಲೇ ಜಾಸ್ತಿ.

ಚಿಕನ್‌ಗೆ ಆ ತೊಂದರೆ ಇಲ್ಲ. ಅದು ಸ್ಕೀಮ್ ಕೋಡನ್ನು ಸಿ ಭಾಷೆಗೆ ತಿರುಗಿಸುತ್ತದೆ. ಅದರ ಕಂಪೈಲರ್ ಕೂಡ ಸ್ಕೀಮ್‌ನಲ್ಲೇ ಇದೆ. ಹಾಗಾದರೆ ಅದನ್ನು ಕಟ್ಟಲು ಮೊದಲೇ ಚಿಕನ್ ಇರಬೇಕಲ್ವಾ? ಬೇಡ. ಸೋರ್ಸ್ ಕಟ್ಟಿನಲ್ಲೇ ಸಿ ಫೈಲ್‌ಗಳನ್ನು ತಯಾರು ಮಾಡಿ ಇಟ್ಟಿರುತ್ತಾರೆ. ಸಿ ಕಂಪೈಲರ್ ಆದ ಜಿಸಿಸಿ, ಕಂಪೈಲ್ ಕೆಲಸ ನಡೆಸುವ ಗ್ನೂ ಮೇಕ್ ಎರಡಿದ್ದರೆ ಸಾಕು. ಆ ಸಿ ಫೈಲ್‌ಗಳು ಭಾರಿ ದೊಡ್ಡವು. ಒಟ್ಟಿಗೆ ಹಲವನ್ನು ಕಂಪೈಲ್‌ಗೆ ಬಿಟ್ಟರೆ ಮೆಮೊರಿ ಸಾಲದು. ಒಂದೊಂದಾಗಿ ಆಗಲಿ, ಮೆಮೊರಿ ಸಾಲದಾಗ ಡಿಸ್ಕ್ ಬಳಸುವ ಸ್ವಾಪ್ ಇರಲಿ, ಚಾರ್ಜರ್ ಸಿಕ್ಕಿಸಿ ರಾತ್ರಿ ಬಿಟ್ಟುಬಿಡಿ.

ಲುಬುಂಟು ಜೊತೆ ಸಿಗುವ ಹಳೇ 4ನೇ ಸರಣಿ ಬಿಟ್ಟು ನಾನು 5.3.0 ಹಾಕಿಕೊಂಡಿದ್ದು ಲೆಕ್ಕದ ಸಲುವಾಗಿ. ಕಬ್ಬಿನ ದುಡ್ಡು, ಕೂಲಿ, ಮುಂಗಡ ಎಲ್ಲವನ್ನೂ ಪೈಸೆಯಲ್ಲೇ ಇಡುತ್ತೇನೆ. 32 ಬಿಟ್‌ನಲ್ಲಿ ಚಿಕನ್‌ನ ಮಾಮೂಲಿ ಪೂರ್ಣಾಂಕ 1,07,37,41,823ಕ್ಕೆ ಮುಗಿಯುತ್ತದೆ. ರೂಪಾಯಿಯಲ್ಲಿ ಸುಮಾರು 1.07 ಕೋಟಿ. ಅದನ್ನು ದಾಟಿದರೆ 5ನೇ ಸರಣಿ ತಾನಾಗಿಯೇ ದೊಡ್ಡ ಪೂರ್ಣಾಂಕಕ್ಕೆ ಹೋಗುತ್ತದೆ, ಒಂದು ಪೈಸೆಯೂ ಆಚೀಚೆ ಆಗುವುದಿಲ್ಲ. 4ರಲ್ಲಿ ಇದಕ್ಕೆ ‘ನಂಬರ್ಸ್’ ಅನ್ನೋ ಎಗ್ ಬೇರೆ ಹಾಕಬೇಕಿತ್ತು. ಇಲ್ಲಿ ಲೈಬ್ರರಿಗೆ ಎಗ್ ಅಂತಾರೆ.

ಕನ್ನಡದ ವಿಷಯದಲ್ಲಿ ಮಾತ್ರ ಕೈಯಾರೆ ಕೆಲಸ ಮಾಡಬೇಕು. ‘ಮಂಡ್ಯ’ ಅಂತ ಕೊಟ್ಟು ಉದ್ದ ಕೇಳಿದರೆ 15 ಅನ್ನುತ್ತದೆ, ಬೈಟ್ ಎಣಿಸುತ್ತದೆ. ಬೈಟ್ ಬದಲು ಯೂನಿಕೋಡ್ ಚಿಹ್ನೆ ಎಣಿಸುವ ಯುಟಿಎಫ್8 ಎಗ್ ಹಾಕಿದರೆ 5. ಆದರೆ ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಪಟ್ಟಿಯಲ್ಲಿ ರೈತರ ಹೆಸರುಗಳ ಮುಂದಿನ ಸಾಲು ಸೊಟ್ಟ ಬರುತ್ತಿತ್ತು. ಒತ್ತು, ಗುಣಿತ, ಅನುಸ್ವಾರ ಬಿಟ್ಟು ಎಣಿಸುವ ಪುಟ್ಟ ಫಂಕ್ಷನ್ ಬರೆದೆ. ಈಗ ಹೆಚ್ಚುಕಮ್ಮಿ ನೇರವಾಗಿದೆ. 6ನೇ ಸರಣಿಯಲ್ಲಿ ಯೂನಿಕೋಡ್ ಒಳಗೇ ಇದೆ, ಆದರೂ ಒತ್ತಕ್ಷರ ಕೂಡಿಸುವ ಕೆಲಸ ನಮ್ಮದೇ.

ವೇಗದ ಬಗ್ಗೆ ದೂರಿಲ್ಲ. ಕಂಪೈಲ್ ಆದ ಪ್ರೋಗ್ರಾಂ ತಟ್ಟನೆ ತೆರೆಯುತ್ತದೆ. ಕರೆಂಟ್ ಹೋದಾಗ ಬ್ಯಾಟರಿಯಲ್ಲೇ ತೂಕ ಬರೆದುಕೊಳ್ಳಬಹುದು. ಸಪೋರ್ಟ್ ಇಲ್ಲದ ಮೆಷಿನ್, ಹಾಗಾಗಿ ಬೇಕಾದ ಎಗ್‌ಗಳನ್ನು ಹಾಕಿಕೊಂಡ ಮೇಲೆ ವೈಫೈ ಆಫ್ ಮಾಡಿಡಿ. ಸ್ಟ್ಯಾಟಿಕ್ ಆಗಿ, ಅಂದರೆ ಚಿಕನ್‌ನ ಲೈಬ್ರರಿಯನ್ನೂ ಒಳಗೇ ಸೇರಿಸಿ ಕಂಪೈಲ್ ಮಾಡಿದರೆ ಒಂದೇ ಫೈಲ್. ಅದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ನಮ್ಮ ಭಾವನ ಹಳೇ 32 ಬಿಟ್ ಲ್ಯಾಪ್‌ಟಾಪ್‌ಗೆ ಹಾಕಿದೆ, ಅಲ್ಲಿ ಚಿಕನ್ ಇಲ್ಲದೆಯೇ ಓಡುತ್ತಿದೆ.