ಭುಜದ ಚೆಂಡು ಮೇಲಕ್ಕೆ ಜಾರಿದೆಯಾ? ಎಕ್ಸ್‌ರೇನೋ, ಎಂಆರ್‌ಐನೋ, ಅಲ್ಟ್ರಾಸೌಂಡೋ

ರೊಟೇಟರ್ ಕಫ್ ಅಂದರೆ ತೋಳಿನ ಮೂಳೆಯ ಚೆಂಡನ್ನು ಅದರ ಗುಳಿಯ ನಡುವೆ ಹಿಡಿದಿಡುವ ನಾಲ್ಕು ಸ್ನಾಯುಗಳು. ಅವು ದೊಡ್ಡದಾಗಿ ಹರಿದರೆ, ಕೈ ಎತ್ತುವಾಗ ಭುಜದ ಹೊರಭಾಗವನ್ನು ಮುಚ್ಚಿರುವ ಡೆಲ್ಟಾಯ್ಡ್ ಸ್ನಾಯು ಚೆಂಡನ್ನು ಮೇಲಕ್ಕೆ ಎಳೆಯುತ್ತದೆ, ತಡೆಯೋಕೆ ಯಾರೂ ಇರುವುದಿಲ್ಲ.

ಇದನ್ನು ನೋಡೋಕೆ ನಾನಂತೂ ಮೊದಲು ಸಾದಾ ಎಕ್ಸ್‌ರೇ ತೆಗೆಸಿ ಅಂತೀನಿ. ಹಳೇ ಕಾಲದ್ದು ಅಂತ ಸುಮ್ನೆ ತಳ್ಳಿಹಾಕಬೇಡಿ. ಚೆಂಡಿಗೂ ಅದರ ಮೇಲೆ ಚಾಚಿರುವ ಅಕ್ರೋಮಿಯನ್ ಮೂಳೆಗೂ (ಹೆಗಲಿನ ಮೂಳೆಯ ತುದಿ) ನಡುವಿನ ಅಂತರ ಸಾಮಾನ್ಯವಾಗಿ 7ರಿಂದ 14 ಮಿಲಿಮೀಟರ್ ಇರುತ್ತದೆ. 7ಕ್ಕಿಂತ ಕಡಿಮೆಯಾದರೆ ದೊಡ್ಡದಾಗಿ ಹರಿದಿರುವ ಅನುಮಾನ ಜಾಸ್ತಿ. ಆದರೆ ಅಂತರ ಸರಿ ಇದೆ ಅಂದ ಮಾತ್ರಕ್ಕೆ ಹರಿದಿಲ್ಲ ಅಂತಲ್ಲ, ಸ್ವಲ್ಪವೇ ಹರಿದಿದ್ದರೆ ಚೆಂಡು ಜಾಗ ಬಿಡದೇ ಇರಬಹುದು.

ಎಂಆರ್‌ಐ ಬೇರೆಯದೇ ಕೆಲಸ ಮಾಡುತ್ತದೆ. ಹರಿದ ತುದಿ ಎಷ್ಟು ಹಿಂದೆ ಸರಿದಿದೆ, ಸ್ನಾಯುವಿನಲ್ಲಿ ಕೊಬ್ಬು ತುಂಬಿದೆಯಾ, ಇವೆಲ್ಲ ಕಾಣುತ್ತದೆ, ಹಾಗಾಗಿ ಆಪರೇಷನ್ ಮಾತು ಬಂದರೆ ಇದನ್ನೇ ಕೇಳುತ್ತಾರೆ. ಒಂದು ವಿಷಯ: ಇದನ್ನು ಮಲಗಿಸಿ ತೆಗೆಯುತ್ತಾರೆ ಅಲ್ವಾ, ನಿಂತು ತೆಗೆಸಿದ ಎಕ್ಸ್‌ರೇ ಅಳತೆಗೆ ಇದರ ಅಳತೆ ಹೊಂದದಿದ್ದರೆ ಗಾಬರಿ ಬೇಡ.

ಅಲ್ಟ್ರಾಸೌಂಡ್‌ನಲ್ಲಿ ಕೈ ಆಡಿಸುತ್ತಲೇ ನೋಡಬಹುದು, ಆದರೆ ಮಾಡುವವರು ಪಳಗಿದವರಾಗಿರಬೇಕು.