ಟೇಬಲ್‌ಗೆ ಮೂರು ಸ್ಟಾರ್, ಹಿರಿಯರಿಗೆ ನಾಲ್ಕೂವರೆ

ಮೊದಲೇ ಹೇಳಿಬಿಡುತ್ತೇನೆ, ಟೇಬಲ್ ಮೇಲೆ ಕೋಲಿನಿಂದ ಬಾಲ್ ಹೊಡೆದು ಆಡುವ ಪೂಲ್, ಸ್ನೂಕರ್‌ನ ಈ ಪಾರ್ಲರ್ ಹೆಸರು ಬರೆಯುವುದಿಲ್ಲ. ಮಾಲೀಕರನ್ನು ಕೇಳಿದ್ದೆ. "ಇರೋ ನಾಲ್ಕು ಟೇಬಲ್‌ಗೇ ಹುಡುಗ್ರು ಮೆಟ್ಟಿಲ ಮೇಲೆ ಕಾಯ್ತಾರೆ, ನೀವು ಬರೆದು ಇನ್ನಷ್ಟು ಜನ ಬಂದ್ರೆ ನನ್ನ ತಲೆ ಮೇಲೆ ಕೂರಿಸ್ಕೊಳ್ಲಾ?" ಎಂದರು. ದಾವಣಗೆರೆಯಲ್ಲಿ ಪೂಲ್ ಆಡುವವರಿಗೆ ನಾನು ಯಾವುದರ ಬಗ್ಗೆ ಬರೆಯುತ್ತಿದ್ದೇನೆ ಅಂತ ಎರಡು ಪ್ಯಾರಾ ಓದುವಷ್ಟರಲ್ಲಿ ಗೊತ್ತಾಗುತ್ತದೆ. ಗೊತ್ತಾಗದವರು ಯಾವುದಾದರೂ ಕಾಲೇಜು ಹುಡುಗನನ್ನು ಹಿಡಿದು ಕೇಳಿ. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಪಾರ್ಲರ್, ನಡುವೆ ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಅಂಟಿ ನಿಲ್ಲಬೇಕಾದ ಮೆಟ್ಟಿಲು.

ಸಾಮಾನಿನ ಲೆಕ್ಕ ಮೊದಲು ಮುಗಿಸೋಣ. ಮೂರು ಪೂಲ್ ಟೇಬಲ್, ಒಂದು ಪೂರ್ತಿ ಅಳತೆಯ ಸ್ನೂಕರ್ ಟೇಬಲ್. ಪೂಲ್‌ಗೆ ಗಂಟೆಗೆ 120 ರೂಪಾಯಿ, ಸ್ನೂಕರ್‌ಗೆ 180. ಎರಡನೇ ಟೇಬಲ್‌ನ ಒಂದು ಮೂಲೆ ಸ್ವಲ್ಪ ಕುಸಿದಿದೆ, ಮೆಲ್ಲಗೆ ಹೊಡೆದ ಬಾಲ್ ತಾನಾಗಿಯೇ ಆ ಕಡೆ ತಿರುಗುತ್ತದೆ, ಗೊತ್ತಿದ್ದವರು ಅದರ ಲಾಭ ತಗೊಳ್ಳುತ್ತಾರೆ. ಕ್ಯೂಗಳಲ್ಲಿ, ಅಂದರೆ ಬಾಲ್ ಹೊಡೆಯುವ ಕೋಲುಗಳಲ್ಲಿ, ಅರ್ಧಕ್ಕರ್ಧ ತುದಿಯ ಟಿಪ್ ಸವೆದವು. ನೆಟ್ಟಗಿರುವ ಕ್ಯೂ ಬೇಕಿದ್ದರೆ ಟೇಬಲ್ ಮೇಲೆ ಉರುಳಿಸಿ ನೋಡಿ ಆರಿಸಿಕೊಳ್ಳಿ. ಏಸಿ ಇದೆ, ಓಡುವುದು ಏಪ್ರಿಲ್-ಮೇನಲ್ಲಿ ಮಾತ್ರ. ಶೌಚಾಲಯದ ವಿಷಯ ಬೇಡ. ಇದಿಷ್ಟಕ್ಕೇ ಅಂಕ ಕೊಡುವುದಾದರೆ ಮೂರು ಸ್ಟಾರ್, ಅದೂ ದೊಡ್ಡ ಮನಸ್ಸು ಮಾಡಿ.

ಇದಕ್ಕೆ ಮೊದಲು ನಾನು ಹೋಗುತ್ತಿದ್ದ ಜಾಗ ನೋಡೋಕೆ ಇದಕ್ಕಿಂತ ಹತ್ತು ಪಾಲು ಚೆಂದ. ಬಣ್ಣದ ಲೈಟು, ಟೇಬಲ್‌ಗೆ ಹೊಸ ಬಟ್ಟೆ, ಎದೆ ನಡುಗುವಷ್ಟು ಜೋರು ಹಾಡು. ಅಲ್ಲಿ ಇಲ್ಲದ್ದು ಒಂದೇ, ಹೇಳುವವರು ಕೇಳುವವರು. ಮೂರು ತಿಂಗಳಲ್ಲಿ ಫ್ರೇಮ್‌ಗೆ, ಅಂದರೆ ಒಂದು ಆಟಕ್ಕೆ, 50 ರೂಪಾಯಿ ಬೆಟ್ ಅಂತ ಶುರುವಾದದ್ದು 500ಕ್ಕೆ ಹೋಯಿತು. ಒಂದು ಸಂಜೆ ಫೌಲ್ ಆಯ್ತು, ಆಗಲಿಲ್ಲ ಅನ್ನುವುದಕ್ಕೆ ಇಬ್ಬರು ಕ್ಯೂ ಎತ್ತಿಕೊಂಡರು. ನಾನು ನನ್ನ ಹೆಲ್ಮೆಟ್ ಎತ್ತಿಕೊಂಡು ಹೊರಟೆ, ಮತ್ತೆ ಹೋಗಿಲ್ಲ.

ಇಲ್ಲಿ ಮೂರು ಮತ್ತು ನಾಲ್ಕನೇ ಟೇಬಲ್ ನಡುವೆ ಗೋಡೆಗೆ ಒಂದು ಉದ್ದ ಬೆಂಚ್ ಇದೆ. ಸಂಜೆ ಐದೂಮುಕ್ಕಾಲರ ಹೊತ್ತಿಗೆ ಅದರ ಮೇಲೆ ಮೂವರು ಬಂದು ಕೂರುತ್ತಾರೆ. ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು. ಇನ್ನೊಬ್ಬರು ಮಂಡಿಪೇಟೆ ಸಾಹುಕಾರರು, ಮಾತು ಕಡಿಮೆ, ಆಟ ಜಾಸ್ತಿ. ಮೂರನೆಯವರು ಎಲ್ಲರ ಬಾಯಲ್ಲೂ ಮಿಲ್ ಅಜ್ಜ. ಕಾಟನ್ ಮಿಲ್‌ನಲ್ಲಿ ಶಿಫ್ಟ್ ಮುಗಿಸಿ, ಸಂಜೆ ಕ್ಲಬ್ಬೊಂದರಲ್ಲಿ ಬಿಲಿಯರ್ಡ್ಸ್ ಮಾರ್ಕರ್ ಆಗಿದ್ದವರು. ಮಾರ್ಕರ್ ಅಂದರೆ ಸಾಹೇಬರು ಆಡುವಾಗ ಪಾಯಿಂಟ್ ಬರೆದು, ಬಾಲ್ ಎತ್ತಿಡುವ ಕೆಲಸ. ಸಾಹೇಬರೆಲ್ಲ ಮನೆಗೆ ಹೋದ ಮೇಲೆ ದೀಪ ಆರಿಸುವ ಮುಂಚೆ ಸಿಗುತ್ತಿದ್ದ ಅರ್ಧ ಗಂಟೆಯಲ್ಲಿ ಆಟ ಕಲಿತರಂತೆ. ದಾವಣಗೆರೆಯ ಮಿಲ್‌ಗಳು ಮುಚ್ಚಿದವು, ಅಜ್ಜನ ಆಟ ಉಳಿಯಿತು.

ಈ ಅಜ್ಜ ಬಂದ ತಕ್ಷಣ ಮಾಡುವ ಮೊದಲ ಕೆಲಸ ಸ್ನೂಕರ್ ಟೇಬಲ್ ಮೇಲೆ ಅಂಗೈ ಸವರುವುದು. ಮಗುವಿಗೆ ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ. ಸ್ನೂಕರ್ ಬಟ್ಟೆ ಉಣ್ಣೆಯದು. ಮೇಲಿನ ಸಣ್ಣ ನವಿರು ಒಂದೇ ದಿಕ್ಕಿಗೆ ಮಲಗಿರುತ್ತದೆ, ಆಟ ಶುರುಮಾಡುವ ಡಿ ಆಕಾರದ ಗೆರೆ ಇರುವ ಕಡೆಯಿಂದ ಕಪ್ಪು ಬಾಲ್ ಇಡುವ ಕಡೆಗೆ. ಬ್ರಷ್ ಹಾಕುವುದೂ ಇಸ್ತ್ರಿ ಹೊಡೆಯುವುದೂ ಅದೇ ದಿಕ್ಕಿಗೆ. ಒಮ್ಮೆ ಕೆಲಸದ ಹುಡುಗ ಅಡ್ಡಡ್ಡ ಬ್ರಷ್ ಹಾಕಿದ್ದ. ಅಜ್ಜ ಕೈ ಇಟ್ಟವರೇ, "ಯಾರ್ಲೇ ಇದನ್ನ ದನ ಉಜ್ಜಿದಂಗೆ ಉಜ್ಜಿದ್ದು?" ಎಂದರು. ಬೈಗುಳ ಅಷ್ಟೇ. ಆಮೇಲೆ ತಾವೇ ಬ್ರಷ್ ಹಿಡಿದು, ಅವನ ಕೈ ಮೇಲೆ ಕೈಯಿಟ್ಟು, ಹನ್ನೆರಡು ಅಡಿ ಉದ್ದಕ್ಕೂ ನಾಲ್ಕು ಸಲ ನಡೆದರು. "ನಾವು ಮಿಲ್‌ನಾಗೆ ಹತ್ತಿ ನೋಡಿದವ್ರು. ಇದು ಉಣ್ಣೆ, ಇನ್ನೂ ಸೂಕ್ಷ್ಮ. ಬಟ್ಟೆ ಯಾವ್ದಾದ್ರೂ ಅದಕ್ಕೊಂದು ಮುಖ ಇರ್ತದೆ ತಮ್ಮಾ."

ಹಿರಿಯ ಆಟಗಾರರು ಇದ್ದರೆ ಏನು ವ್ಯತ್ಯಾಸ ಅಂತ ಕೇಳಿದರೆ ನಾನು ಇನ್ನೊಂದು ಸಂಜೆಯ ಕಥೆ ಹೇಳುತ್ತೇನೆ. ಇಬ್ಬರು ಎಂಜಿನಿಯರಿಂಗ್ ಹುಡುಗರ ನಡುವೆ ಜಗಳ ಹತ್ತಿತು. ವೈಟ್, ಅಂದರೆ ಕ್ಯೂನಿಂದ ಹೊಡೆಯುವ ಬಿಳಿ ಬಾಲ್, ಮತ್ತು 6ನೇ ನಂಬರ್ ಬಾಲ್ ಬಹಳ ಹತ್ತಿರ ಇದ್ದವು. ಒಬ್ಬ ನೇರ ಹೊಡೆದ. ಇನ್ನೊಬ್ಬ "ಡಬಲ್ ಹಿಟ್, ಫೌಲ್" ಅಂದ. ಇವನು "ನೀನು ನೋಡಿದೆಯಾ?" ಅಂದ. ದನಿ ಏರಿತು. ಮೇಷ್ಟ್ರು ಬೆಂಚ್‌ನಿಂದ ಎದ್ದು ಬಂದರು, ಯಾರದು ತಪ್ಪು ಅಂತ ಕೇಳಲೇ ಇಲ್ಲ. ಎರಡು ಬಾಲ್ ತಗೊಂಡು ಅದೇ ಜಾಗದಲ್ಲಿ ಇಟ್ಟರು. ನಡುವೆ ಕ್ಯೂ ತುದಿಗೆ ಹಚ್ಚುವ ಚಾಕ್ ತುಂಡನ್ನು ತೂರಿಸಲು ನೋಡಿದರು, ಹೋಗಲಿಲ್ಲ. "ಚಾಕ್ ಹಿಡಿಸದಷ್ಟು ಸಂದಿ ಇದ್ರೆ ನೇರ ಹೊಡೀಬೇಡಿ. ವೈಟ್ ಅಲ್ಲಿಗೆ ತಾಗಿ ನಿಲ್ಲೋಕೆ ಮುಂಚೆನೇ ಕ್ಯೂ ಇನ್ನೊಂದ್ಸಲ ಹಿಂದಿನಿಂದ ತಾಗ್ತದೆ." ಹೊಡೆದು ತೋರಿಸಿದರು. ವೈಟ್, 6ರ ಹಿಂದೆಯೇ ಅದೇ ವೇಗದಲ್ಲಿ ಓಡಿತು. ಮತ್ತೆ ಅಷ್ಟೇ ಹತ್ತಿರ ಇಟ್ಟು, ಕ್ಯೂ ಹಿಂಭಾಗ ಎತ್ತಿ, ಚುಟುಕಾಗಿ ಕುಟ್ಟಿದರು. ಈ ಸಲ 6 ಹೋಯಿತು, ವೈಟ್ ಸ್ವಲ್ಪ ಹಿಂದೆ ಉಳಿಯಿತು. "ಕಣ್ಣಿಗೆ ಕಾಣದಿದ್ರೂ ಬಾಲ್ ಸುಳ್ಳು ಹೇಳಲ್ಲ, ವೇಗ ನೋಡ್ರಪ್ಪ." ಹೋಗಿ ಕೂತರು. ಹೊಡೆದ ಹುಡುಗ ಒಂದು ನಿಮಿಷ ಸುಮ್ಮನಿದ್ದು, ವೈಟ್ ಎತ್ತಿ ಎದುರಾಳಿ ಕೈಗೆ ಕೊಟ್ಟ.

ಹೊಸಬರನ್ನು ಮೇಷ್ಟ್ರು "ಬಾ ಸ್ನೂಕರ್" ಅಂತ ಕರೆಯುತ್ತಾರೆ. ಮೊದಲ ದಿನ ನನ್ನನ್ನೂ ಹಾಗೇ ಕರೆದರು, ಸ್ನೂಕರ್ ಆಡೋಕೆ ಕರೀತಿದ್ದಾರೆ ಅಂದುಕೊಂಡೆ. ವಿಷಯ ಬೇರೆ. ಈ ಆಟ ಹುಟ್ಟಿದ್ದೇ ನಮ್ಮ ದೇಶದಲ್ಲಿ, 1875ರಲ್ಲಿ ಜಬಲ್‌ಪುರದ ಬ್ರಿಟಿಷ್ ಸೇನಾ ಮೆಸ್‌ನಲ್ಲಿ. ಆಗ ಸೇನೆಯಲ್ಲಿ ಮೊದಲ ವರ್ಷದ ಕೆಡೆಟ್‌ಗೆ ಸ್ನೂಕರ್ ಅಂತ ಅಡ್ಡಹೆಸರಿತ್ತು. ಸುಲಭದ ಬಾಲ್ ತಪ್ಪಿಸಿದವನನ್ನು ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿ ಹಾಗೆ ಛೇಡಿಸಿ, ಆಮೇಲೆ ಈ ಹೊಸ ಆಟದಲ್ಲಿ ನಾವೆಲ್ಲ ಸ್ನೂಕರ್‌ಗಳೇ ಅಂದನಂತೆ. ಮೇಷ್ಟ್ರು ಈ ಕಥೆಯನ್ನು ಪ್ರತಿ ಹೊಸಬನಿಗೂ ಹೇಳುತ್ತಾರೆ, ನಾನು ಕಡಿಮೆ ಅಂದರೂ ಎಂಟು ಸಲ ಕೇಳಿದ್ದೇನೆ.

ದುಡ್ಡಿನ ಬೆಟ್ ಇಲ್ಲ. ಬೋರ್ಡ್ ಏನೂ ಹಾಕಿಲ್ಲ, ಆದರೂ ಇಲ್ಲ. ಸೋತವರು ಟೇಬಲ್ ದುಡ್ಡು ಕೊಡಬೇಕು, ತೀರಾ ರೋಷ ಬಂದರೆ ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿ. ಅದಕ್ಕಿಂತ ಮೇಲೆ ಹೋದರೆ ಸಾಹುಕಾರರು ಮಾತಾಡುವುದಿಲ್ಲ, ಅವತ್ತು ಆ ಹುಡುಗನ ಜೊತೆ ಆಡುವುದನ್ನು ಬಿಡುತ್ತಾರೆ. ಅವರ ಜೊತೆ ಒಂದು ಫ್ರೇಮ್ ಸಿಗಲಿ ಅಂತ ವಾರಗಟ್ಟಲೆ ಕಾಯುವವರಿದ್ದಾರೆ, ಹಾಗಾಗಿ ಈ ಶಿಕ್ಷೆ ಚೆನ್ನಾಗಿ ತಟ್ಟುತ್ತದೆ. ಆಡಿದರೆ ಎದುರಿನವರ ಮಟ್ಟ ನೋಡಿ 20, 30 ಪಾಯಿಂಟ್ ಸ್ಟಾರ್ಟ್ ಕೊಡುತ್ತಾರೆ, ಅಂದರೆ ಆಟಕ್ಕೆ ಮೊದಲೇ ಅಷ್ಟು ಪಾಯಿಂಟ್ ಎದುರಿನವರ ಲೆಕ್ಕಕ್ಕೆ ಹಾಕುತ್ತಾರೆ. ನನಗೆ ಮೊದಲು 40 ಕೊಟ್ಟರು. ಒಂದು ವರ್ಷದ ಮೇಲೆ 25ಕ್ಕೆ ಇಳಿಸಿದರು. ಅವತ್ತು ನಾನು ಮನೆಗೆ ಹೋಗಿ ಹೆಂಡತಿಗೆ ಪ್ರಮೋಷನ್ ಆಯ್ತು ಅಂದೆ, ಪಾಪ ಅವಳು ಆಫೀಸಿನದು ಅಂದುಕೊಂಡಳು.

ಇದೆಲ್ಲ ನಮ್ಮೂರಿಗೆ ಹೊಸದೇನಲ್ಲ. ದಾವಣಗೆರೆ ಗರಡಿ ಮನೆಗಳ ಊರು. ಉಸ್ತಾದರು ಮೂಲೆಯಲ್ಲಿ ಸುಮ್ಮನೆ ಕೂತಿದ್ದರೂ ಕುಸ್ತಿ ಹುಡುಗರ ಪಟ್ಟು ನೆಟ್ಟಗಿರುತ್ತದೆ. ಕ್ಯೂ ಆಟಗಳಲ್ಲೂ ಅಷ್ಟೇ. ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ ಗೆದ್ದಾಗ ಅವರಿಗೆ 18 ವರ್ಷ. ಬೆಂಗಳೂರಲ್ಲಿ ಅವರನ್ನು ತಯಾರು ಮಾಡಿದ್ದು ಅರವಿಂದ್ ಸವೂರ್, ಸ್ವತಃ ದೊಡ್ಡ ಆಟಗಾರರು. ನಮಗೆ ಸವೂರ್ ಇಲ್ಲ, ಬೆಂಚ್ ಮೇಲಿನ ಮೂವರಿದ್ದಾರೆ.

ಈಗ ಅರ್ಧ ಸ್ಟಾರ್ ಯಾಕೆ ಕತ್ತರಿಸಿದೆ ಅಂತ ಹೇಳಬೇಕು. ಹಿರಿಯರ ಮಾತೇ ಕಾನೂನು ಆದಾಗ ತಪ್ಪು ಕಾನೂನೂ ಉಳಿದುಬಿಡುತ್ತದೆ. ಪೂಲ್‌ನ 8 ಬಾಲ್ ಆಟದಲ್ಲಿ ಫೌಲ್ ಆದರೆ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಎದುರಾಳಿ ವೈಟ್‌ನ್ನು ಟೇಬಲ್ ಮೇಲೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಇಲ್ಲಿ ಆಟ ಶುರುಮಾಡುವ ಗೆರೆ ಹಿಂದೆಯೇ ಇಡಬೇಕು. ಯಾಕೆ ಅಂದರೆ ಮಿಲ್ ಅಜ್ಜ ಹಾಗೆ ಆಡುತ್ತಿದ್ದರು. "ಅವ್ನು ತಪ್ಪು ಮಾಡಿದ್ರೆ ಇವ್ನಿಗೆ ಬಿಟ್ಟಿ ಗೆಲುವು ಯಾಕ್ ಕೊಡ್ಬೇಕು?" ಎಂಬುದು ಅವರ ವಾದ. ಕೇಳೋಕೆ ನ್ಯಾಯವೇ ಅನಿಸುತ್ತದೆ. ಆದರೆ ಫೌಲ್‌ಗೆ ಭಯ ಇಲ್ಲದ ಕಡೆ ಸೇಫ್ಟಿ, ಅಂದರೆ ಎದುರಾಳಿಗೆ ಸುಲಭದ ಹೊಡೆತ ಸಿಗದ ಹಾಗೆ ವೈಟ್ ಬಿಡುವ ಆಟ, ಯಾರೂ ಕಲಿಯುವುದಿಲ್ಲ. ನಮ್ಮ ಪಾರ್ಲರ್‌ನ ಒಳ್ಳೆಯ ಹುಡುಗನೊಬ್ಬ ಬೆಂಗಳೂರಿಗೆ ಟೂರ್ನಮೆಂಟ್ ಆಡಲು ಹೋಗಿ ಮೊದಲ ಸುತ್ತಲ್ಲೇ ವಾಪಸ್ ಬಂದ. ಬಾಲ್ ಪಾಕೆಟ್‌ಗೆ ಬೀಳಿಸುವುದರಲ್ಲಿ ಎದುರಾಳಿ ಇವನಿಗಿಂತ ಮೇಲೇನೂ ಅಲ್ಲ. ಸುಮ್ನೆ ವೈಟ್‌ನ್ನು ಬಾಲ್‌ಗಳ ಹಿಂದೆ ಬಚ್ಚಿಡುತ್ತಾ ಹೋದ, ಇವನು ಫೌಲ್ ಮೇಲೆ ಫೌಲ್ ಮಾಡಿದ, ಅವನು ವೈಟ್ ಎತ್ತಿ ಬೇಕಾದಲ್ಲಿ ಇಟ್ಟು ಟೇಬಲ್ ಖಾಲಿ ಮಾಡಿದ.

ಆ ಹುಡುಗ ಬಂದು ಬೆಂಚ್ ಮುಂದೆ ನಿಂತು ಇದನ್ನು ಹೇಳಿದಾಗ ನಾನೂ ಇದ್ದೆ. ದನಿ ಏರಿಸಲಿಲ್ಲ, ಆದರೆ "ಅಜ್ಜಾ, ನೀವು ಹೇಳ್ಕೊಟ್ಟಿದ್ದೇ ನನಗೆ ಮುಳುವಾಯ್ತು" ಅಂದೇಬಿಟ್ಟ. ಯಾರೂ ಉಸಿರೆತ್ತಲಿಲ್ಲ. ಅಜ್ಜ ಅವತ್ತು ಬೇಗ ಎದ್ದು ಹೋದರು. ಮೂರು ಸಂಜೆ ಇದೇ ಚರ್ಚೆ ನಡೆಯಿತು, ಮೇಷ್ಟ್ರು ಹುಡುಗನ ಕಡೆ, ಸಾಹುಕಾರರು ಅಜ್ಜನ ಕಡೆ. ಕೊನೆಗೆ ಒಂದನೇ ಟೇಬಲ್‌ನಲ್ಲಿ ಹೊಸ ನಿಯಮ, ಮೂರನೇ ಟೇಬಲ್‌ನಲ್ಲಿ ಹಳೇ ನಿಯಮ ಅಂತಾಯಿತು. ಅಜ್ಜ ಒಂದನೇ ಟೇಬಲ್ ಹತ್ತಿರ ಹೋಗುವುದಿಲ್ಲ. ದೂರದಿಂದ ನೋಡುತ್ತಾರೆ, ಒಳ್ಳೆಯ ಸೇಫ್ಟಿ ಬಿದ್ದರೆ ಮಾತ್ರ ಗಂಟಲು ಸರಿಮಾಡಿಕೊಳ್ಳುತ್ತಾರೆ.

ಇನ್ನೊಂದು ದೂರು. ಸಂಜೆ ಆರರಿಂದ ಎಂಟರವರೆಗೆ ಮೂರನೇ ಟೇಬಲ್ ಬೆಂಚ್‌ನ ಮೂವರನ್ನು ಬಿಟ್ಟು ಯಾರಿಗೂ ಸಿಗುವುದಿಲ್ಲ. ನನ್ನ ತಮ್ಮನ ಹುಟ್ಟುಹಬ್ಬಕ್ಕೆ ಫೋನ್ ಮಾಡಿ ಬುಕ್ ಮಾಡಿದ್ದೆ, ಹೋದರೆ ಮಾಲೀಕರು ತಲೆ ಕೆರೆದುಕೊಂಡರು. "ಅವರನ್ನ ಏಳಿಸೋಕೆ ನನ್ನ ಕೈಲಿ ಆಗಲ್ಲ ಸಾರ್." ಹಾಗಾದರೆ ಫೋನಲ್ಲೇ ಹೇಳಬೇಕಿತ್ತು, ಅಲ್ವಾ? ಅಜ್ಜನಿಗೆ ವಿಷಯ ಗೊತ್ತಾಗಿದ್ದರೆ ಎದ್ದು ಕೊಡುತ್ತಿದ್ದರು ಅನ್ನುವುದು ಬೇರೆ ಮಾತು.

ಹುಡುಗಿಯರು ಬರುವುದು ತೀರಾ ಕಡಿಮೆ. ಕರ್ನಾಟಕದಿಂದಲೇ ಚಿತ್ರಾ ಮಗಿಮೈರಾಜ್, ವಿದ್ಯಾ ಪಿಳ್ಳೈ ಅವರಂಥವರು ವಿಶ್ವಮಟ್ಟದಲ್ಲಿ ಆಡಿದ್ದಾರೆ, ಇಲ್ಲಿ ಮಾತ್ರ ಒಬ್ಬ ಮೆಡಿಕಲ್ ವಿದ್ಯಾರ್ಥಿನಿ ಗೆಳತಿಯ ಜೊತೆ ಬಂದರೆ ಇಡೀ ಹಾಲ್ ತಿರುಗಿ ನೋಡುತ್ತದೆ. ಬೆಂಚ್‌ನವರು ಕೆಟ್ಟದಾಗಿ ನಡೆದುಕೊಂಡಿಲ್ಲ, ಆದರೆ ಹುಡುಗರನ್ನು ಕರೆದ ಹಾಗೆ "ಬಾ ಸ್ನೂಕರ್" ಅಂತ ಕರೆದಿದ್ದೂ ನಾನು ನೋಡಿಲ್ಲ. ಅವರು ಒಂದು ಸಲ ಕರೆದರೆ ಸಾಕು, ಉಳಿದವರ ಕತ್ತು ತಾನಾಗಿಯೇ ನೆಟ್ಟಗಾಗುತ್ತದೆ. ಮೇಷ್ಟ್ರು ಇದನ್ನು ಓದುತ್ತಾರೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹೋದ ಚಳಿಗಾಲ ಅಜ್ಜನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು, ಹದಿನೈದು ದಿನ ಬರಲಿಲ್ಲ. ಮೇಷ್ಟ್ರು ಮಗಳ ಮನೆಗೆ ಹೋಗಿದ್ದರು. ಬೆಂಚ್ ಮೇಲೆ ಬ್ಯಾಗ್‌ಗಳು ಬಂದು ಕೂತವು, ಮೊಬೈಲ್‌ನಲ್ಲಿ ಹಾಡು ಶುರುವಾಯಿತು, ಎರಡನೇ ಟೇಬಲ್‌ನಲ್ಲಿ ನೂರರ ನೋಟು ಕೈ ಬದಲಾಯಿಸಿದ್ದನ್ನೂ ನೋಡಿದೆ. ಇಷ್ಟೇನಾ ಇದರ ಬೇರು ಅನಿಸಿತು. ಆಮೇಲೊಂದು ದಿನ ಒಂದನೇ ಟೇಬಲ್‌ನಲ್ಲಿ ಮತ್ತೆ ಡಬಲ್ ಹಿಟ್ ಜಗಳ. ಹಿಂದೆ ವೈಟ್ ಎತ್ತಿ ಕೊಟ್ಟಿದ್ದನಲ್ಲ, ಅದೇ ಹುಡುಗ ಪಕ್ಕದ ಟೇಬಲ್‌ನಿಂದ ಬಂದ. ಏನೂ ಮಾತಾಡದೆ ಎರಡು ಬಾಲ್ ಹತ್ತಿರ ಇಟ್ಟು, ಜೇಬಿನಿಂದ ಚಾಕ್ ತೆಗೆದು ನಡುವೆ ತೂರಿಸಲು ನೋಡಿದ.

ಹೋಗುವವರಿಗೆ: ಬೆಳಗ್ಗೆ ಹನ್ನೊಂದಕ್ಕೆ ತೆರೆಯುತ್ತದೆ, ಮಧ್ಯಾಹ್ನ ಮೂರರವರೆಗೆ ಟೇಬಲ್ ಸುಲಭವಾಗಿ ಸಿಗುತ್ತದೆ. ಆಟ ಕಲಿಯಬೇಕಿದ್ದರೆ ಆರು ಗಂಟೆಗೆ ಹೋಗಿ ಬೆಂಚ್‌ನ ತುದಿಯಲ್ಲಿ ಕೂತು ನೋಡಿ, ಅದಕ್ಕೆ ದುಡ್ಡಿಲ್ಲ. ಬೈಕ್‌ನ್ನು ಜೆರಾಕ್ಸ್ ಅಂಗಡಿ ಮುಂದೆ ನಿಲ್ಲಿಸಬೇಡಿ. ಚಾಕ್ ಹಚ್ಚಿದ ಮೇಲೆ ಹಚ್ಚುವ ಮುಖ ಮೇಲೆ ಬರುವಂತೆ ಇಡಿ, ಮಗುಚಿ ಇಟ್ಟರೆ ಪುಡಿ ಟೇಬಲ್ ಅಂಚಿಗೆ ಮೆತ್ತಿ ಅಲ್ಲಿಂದ ಎಲ್ಲರ ಅಂಗಿ ತೋಳಿಗೂ ಹತ್ತುತ್ತದೆ. ನೀವು ಮಗುಚಿ ಇಟ್ಟಿರೋ, ಸಾಹುಕಾರರು ಏನೂ ಅನ್ನುವುದಿಲ್ಲ, ಆಟದ ನಡುವೆ ಅಷ್ಟು ದೂರದಿಂದ ಎದ್ದು ಬಂದು ಅದನ್ನು ತಿರುಗಿಸಿಟ್ಟು ಹೋಗುತ್ತಾರೆ.