ರ‍್ಯಾಮ್ ಹೆಚ್ಚಿಸಿದ ಮೇಲೆ ರಾವಣ ಹಸಿರಾದ: ಒಂದು ಕ್ಯಾಪ್ಚರ್ ಕಾರ್ಡಿನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಎರಡೂವರೆ ಸ್ಟಾರ್. ಕಾರ್ಡಿಗೆ, ಅಂದರೆ ಕ್ಯಾಮೆರಾದ ಚಿತ್ರವನ್ನು ಪಿಸಿಯೊಳಗೆ ತರುವ ಬೋರ್ಡಿಗೆ, ಮೂರೂವರೆ ಕೊಡಬಹುದಿತ್ತು, ಅದನ್ನು ನಡೆಸಲು ಜೊತೆಗೆ ಬಂದ ಸಾಫ್ಟ್‌ವೇರ್, ಡ್ರೈವರ್ ಅನ್ನುವುದು, ಒಂದು ಸ್ಟಾರ್ ತಿಂದು ಹಾಕಿತು. ಹೆಸರು ಬರೆಯುತ್ತಿಲ್ಲ. ಬರೆಯೋಣ ಅಂದರೆ ಡಬ್ಬದ ಮೇಲೂ ನೆಟ್ಟಗೆ ಹೆಸರಿಲ್ಲ, ಇದೇ ಬೋರ್ಡು ಆನ್‌ಲೈನ್‌ನಲ್ಲಿ ನಾಲ್ಕೈದು ಹೆಸರಲ್ಲಿ ಸಿಗುತ್ತದೆ. ಎರಡು ಎಚ್‌ಡಿಎಂಐ ಇನ್‌ಪುಟ್, ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕುವಂಥದ್ದು, ಲಿನಕ್ಸ್ ಡ್ರೈವರಿನ ಸೋರ್ಸ್ ಒಂದು ಜಿಪ್ ಫೈಲಿನಲ್ಲಿ. ಈ ಸೋರ್ಸ್ ಕೊಟ್ಟದ್ದೇ ಪುಣ್ಯ, ಅದಕ್ಕೇ ಎರಡೂವರೆ.

ನಾನಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಹೊಟ್ಟೆಪಾಡಿಗೆ ಕೋಡ್ ಬರೆಯುತ್ತೇನೆ, ಹುಚ್ಚಿಗೆ ಯಕ್ಷಗಾನ ರೆಕಾರ್ಡ್ ಮಾಡುತ್ತೇನೆ. ಕುಂಬಳೆ, ಮಧೂರು, ನೀರ್ಚಾಲು ಕಡೆ ಆಟ ಇದ್ದರೆ ಎರಡು ಕ್ಯಾಮೆರಾ, ಒಂದು ಹಳೇ ಆಫೀಸ್ ಪಿಸಿ ಹೊತ್ತುಕೊಂಡು ಹೋಗುವುದು. ಪಿಸಿ ಅಂದರೆ ಮೂರನೇ ತಲೆಮಾರಿನ ಐ5, ಸೆಕೆಂಡ್ ಹ್ಯಾಂಡ್, ಒಳಗೆ ಒಂದೇ ಒಂದು 2 ಜಿಬಿ ರ‍್ಯಾಮ್ ಕಡ್ಡಿ. ಅದರಲ್ಲಿ ಒಂದು ಕ್ಯಾಮೆರಾ ಹೇಗೋ ನಡೆಯುತ್ತಿತ್ತು. ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಕಾರ್ಡಿನ ಬಣ್ಣ ಒಳ್ಳೆಯದು, ರಾತ್ರಿಯ ಬೆಳಕಿನಲ್ಲೂ ಕೇದಗೆ ಮುಂದಲೆಯ ಕೆಂಪು ಕೆಂಪಾಗಿಯೇ ಕಾಣುತ್ತದೆ. ಅದು ಸಣ್ಣ ಮಾತಲ್ಲ.

ಎರಡನೇ ಕ್ಯಾಮೆರಾ ಸೇರಿಸೋಣ ಅಂತ 8 ಜಿಬಿಯ ಎರಡು ಕಡ್ಡಿ ಹಾಕಿಸಿದೆ. ಒಟ್ಟು 16. ಅಲ್ಲಿಗೆ ಶುರು.

ಆನ್ ಮಾಡಿದ ಕೂಡಲೇ ಪರದೆ ಪೂರ್ತಿ ಹಸಿರು. ಎಲೆ ಹಸಿರು, ಪಾಚಿ ಹಸಿರು ಅಲ್ಲ. ಕೇಬಲ್ ಬದಲಿಸಿದೆ, ಕ್ಯಾಮೆರಾ ಬದಲಿಸಿದೆ, ಸ್ಲಾಟ್ ಬದಲಿಸಿದೆ. ಆಮೇಲೆ ಹಳೇ ಆಟಗಳ ಫೈಲ್‌ಗಳನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಾಪಿ ಹಾಕಿ ಊಟಕ್ಕೆ ಹೋಗಿ ಬಂದು ಮತ್ತೆ ನೋಡಿದರೆ, ಚಿತ್ರ ಅರ್ಧ ಬಂದಿದೆ! ಅಡ್ಡಡ್ಡ ಪಟ್ಟೆ. ಒಂದಿಷ್ಟು ಗೆರೆ ಸರಿ, ಒಂದಿಷ್ಟು ಹಸಿರು. ಟೆಸ್ಟಿಗೆ ಹಾಕಿದ್ದ ಕ್ಲಿಪ್ಪಿನಲ್ಲಿ ರಾವಣ ಒಡ್ಡೋಲಗ. ಪಕ್ಕದ ಮನೆಯ ಮಲಯಾಳಿ ಗೆಳೆಯ ಇಣುಕಿ ನೋಡಿ, ಇದೇನು ಕಥಕ್ಕಳಿಯ ಪಚ್ಚ ವೇಷವಾ ಅಂದ. ರಾವಣನಿಗೆ ಅಲ್ಲೂ ಪಚ್ಚ ಕೊಡುವುದಿಲ್ಲ ಮಾರಾಯ, ಕತ್ತಿ ವೇಷ ಅಂದೆ. ನಗು ಬರುವ ಸ್ಥಿತಿ ಮಾತ್ರ ಇರಲಿಲ್ಲ.

ಕಾಸರಗೋಡು ಪೇಟೆಯ ಕಂಪ್ಯೂಟರ್ ಅಂಗಡಿಗೆ ಒಯ್ದೆ, ಕಡ್ಡಿ ಅಲ್ಲೇ ತಗೊಂಡದ್ದು. ಹುಡುಗರು ಒಳ್ಳೆಯವರು. ರ‍್ಯಾಮ್ ಹಾಳಿರಬೇಕು ಅಂತ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದರು. ಒಂದು ತಪ್ಪೂ ಇಲ್ಲ. ಆದರೂ ಬೇರೆ ಕಡ್ಡಿ ಹಾಕಿ ನೋಡಿದರು, ಹಸಿರೇ. ಹಳೇ 2 ಜಿಬಿ ಹಾಕಿದರೆ ಸರಿ! ಅವರ ತೀರ್ಮಾನ, ಕಾರ್ಡಿಗೂ ರ‍್ಯಾಮಿಗೂ ಹೊಂದಿಕೆ ಇಲ್ಲ. ಕೇಳಿದಾಗ ನಕ್ಕಿದ್ದೆ. ಆಮೇಲೆ ಯೋಚಿಸಿದರೆ ಅವರು ಹೇಳಿದ್ದು ಮುಕ್ಕಾಲು ಪಾಲು ಸರಿ.

ಈಗ ಒಳಗಿನ ಕಥೆ. ಬೇಡದವರು ಮುಂದೆ ಹಾರಿ ಹೋಗಿ.

ಕ್ಯಾಪ್ಚರ್ ಕಾರ್ಡು ಚಿತ್ರವನ್ನು ಸಿಪಿಯು ಕೈಗೆ ಕೊಡುವುದಿಲ್ಲ, ನೇರವಾಗಿ ರ‍್ಯಾಮಿಗೆ ಸುರಿಯುತ್ತದೆ. ಇದಕ್ಕೇ ಡಿಎಂಎ ಅನ್ನುವುದು. ಡ್ರೈವರಿನ ಕೆಲಸ ಅಂದರೆ ಚಿತ್ರಕ್ಕೆ ಜಾಗ ಗೊತ್ತು ಮಾಡುವುದು (ಬಫರ್ ಅನ್ನುವುದು ಇದಕ್ಕೇ), ಆ ಜಾಗದ ವಿಳಾಸ ಕಾರ್ಡಿಗೆ ಹೇಳುವುದು, ಸುರಿದಾದ ಮೇಲೆ ಸಿಪಿಯುಗೆ ತೋರಿಸುವುದು. ಕಷ್ಟ ಏನು ಅಂದರೆ ಎಲ್ಲ ಕಾರ್ಡುಗಳೂ ಎಲ್ಲ ವಿಳಾಸ ಬರೆಯಲಾರವು. ಹಳೇ ಐಎಸ್‌ಎ ಕಾಲದ ಡಿಎಂಎಗೆ 24 ಬಿಟ್, ಅಂದರೆ ಮೊದಲ 16 ಎಂಬಿ ಮಾತ್ರ. ನನ್ನ ಈ ಕಾರ್ಡಿಗೆ 32 ಬಿಟ್, ಅಂದರೆ ಮೊದಲ 4 ಜಿಬಿ. ಅದರಾಚೆಗೆ ಅದಕ್ಕೆ ಲೋಕವೇ ಇಲ್ಲ. ರಾಸ್‌ಬೆರಿ ಪೈ 4 ಇಟ್ಟುಕೊಂಡವರಿಗೆ ಇದು ಗೊತ್ತಿರಬಹುದು, ಅದರ ಮೊದಮೊದಲ ಚಿಪ್ಪುಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕಡೆಯಿಂದ ಮೊದಲ 3 ಜಿಬಿಗೆ ಮಾತ್ರ ಕೈ ಎಟಕುತ್ತಿತ್ತು, ಹಳೇ ಡಿಎಂಎ ಎಂಜಿನ್ನಿಗೆ 1 ಜಿಬಿ.

ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಇದಕ್ಕಾಗಿಯೇ ರ‍್ಯಾಮನ್ನು ವಲಯ ಮಾಡಿ ಇಟ್ಟಿರುತ್ತದೆ. 64 ಬಿಟ್ ಪಿಸಿಯಲ್ಲಿ ಮೊದಲ 16 ಎಂಬಿ ಡಿಎಂಎ ಝೋನ್, ಅಲ್ಲಿಂದ 4 ಜಿಬಿ ತನಕ ಡಿಎಂಎ32 ಝೋನ್, ಅದರ ಮೇಲೆ ನಾರ್ಮಲ್. ಯಾರಾದರೂ ಸುಮ್ನೆ ಜಾಗ ಕೇಳಿದರೆ ಮೊದಲು ಮೇಲಿನ ನಾರ್ಮಲ್‌ನಿಂದಲೇ ಕೊಡುತ್ತದೆ. ಕೆಳಗಿನದ್ದು ಅಮೂಲ್ಯ, ಬೇಕಾದವರಿಗೆ ಇರಲಿ ಅಂತ. ಅದಕ್ಕೇ ನೋಡಿ, ಹೊಸದಾಗಿ ಆನ್ ಮಾಡಿದಾಗ ಪೂರ್ತಿ ಹಸಿರು. ಫೈಲ್ ಕಾಪಿ ಮಾಡಿ ಮೇಲಿನ ಜಾಗವೆಲ್ಲ ಆ ಫೈಲುಗಳ ಕ್ಯಾಶೆಯಿಂದ (ಕರ್ನಲ್ ಇಟ್ಟುಕೊಳ್ಳುವ ನಕಲು) ತುಂಬಿದ ಮೇಲೆ ಬಫರಿನ ಕೆಲವು ಪೇಜುಗಳು (ರ‍್ಯಾಮ್ ಹಂಚುವ ಸಣ್ಣ ತುಂಡುಗಳು) ಕೆಳಗಿನಿಂದ ಸಿಕ್ಕವು, ಅಷ್ಟು ಗೆರೆ ಸರಿ ಬಂತು. 1920 ಅಗಲದ ಒಂದು ಗೆರೆ, ಪಿಕ್ಸೆಲ್ಲಿಗೆ 2 ಬೈಟಿನಂತೆ 3840 ಬೈಟು. ಒಂದು ಪೇಜು 4096. ಹೆಚ್ಚುಕಡಿಮೆ ಪೇಜಿಗೊಂದು ಗೆರೆ! ಇದು ಹೊಳೆದಾಗ ರಾತ್ರಿ ಒಂದೂವರೆ, ಮಳೆ ಸುರಿಯುತ್ತಿತ್ತು, ನಾನು ಎದ್ದು ಚಾ ಮಾಡಿಕೊಂಡೆ.

ಹಾಗಾದರೆ ಮೇಲಿನ ಪೇಜಿಗೆ ಕಾರ್ಡು ಹೇಗೆ ಬರೆಯಬೇಕು? ನಮ್ಮ ಕಡೆ ಮನೆ ಗುಡ್ಡದ ಮೇಲೆ ಇರುತ್ತದೆ. ಕೆಂಪುಕಲ್ಲಿನ ದೊಡ್ಡ ಲಾರಿ ಮೇಲೆ ಹತ್ತುವುದಿಲ್ಲ. ರಸ್ತೆ ಬದಿಯಲ್ಲಿ ಇಳಿಸಿ, ಆಮೇಲೆ ಜೀಪಿನಲ್ಲಿ ಮೇಲೆ ಹೊರುವುದು. ಲಿನಕ್ಸ್‌ನಲ್ಲಿ ಆ ರಸ್ತೆ ಬದಿಯ ಜಾಗಕ್ಕೆ ಬೌನ್ಸ್ ಬಫರ್ ಅನ್ನುತ್ತಾರೆ, ನೋಡಿಕೊಳ್ಳುವ ವ್ಯವಸ್ಥೆಯ ಹೆಸರು ಸ್ವಿಯೋಟಿಎಲ್‌ಬಿ. ಡ್ರೈವರ್ ಬಫರನ್ನು ಮ್ಯಾಪ್ ಮಾಡಿದಾಗ, ಅಂದರೆ ಕಾರ್ಡಿಗೆ ಹೇಳಲು ವಿಳಾಸ ಕೇಳಿದಾಗ, ಕರ್ನಲ್ ಸದ್ದಿಲ್ಲದೆ ಕೆಳಗಿನ ಜಾಗದ ವಿಳಾಸ ಕೊಡುತ್ತದೆ. ಕಾರ್ಡು ಅಲ್ಲಿ ಇಳಿಸುತ್ತದೆ. ಸರಿ, ಜೀಪು ಯಾವಾಗ ಹೊರಡಬೇಕು? ಡ್ರೈವರ್ ಒಂದೋ ಅನ್‌ಮ್ಯಾಪ್ ಮಾಡಬೇಕು, ಇಲ್ಲಾ 'ಸಿಪಿಯುಗಾಗಿ ಸಿಂಕ್ ಮಾಡು' ಅಂತ ಕರೆಯಬೇಕು. ಆಗಲೇ ಕಾಪಿ.

ಈ ಡ್ರೈವರ್ ಏನು ಮಾಡಿದೆ ಗೊತ್ತಾ? ಶುರುವಿನಲ್ಲಿ ಒಮ್ಮೆ ಮ್ಯಾಪ್ ಮಾಡಿ, ಕೊನೆಯಲ್ಲಿ ಒಮ್ಮೆ ಅನ್‌ಮ್ಯಾಪ್. ನಡುವೆ ಸಾವಿರಾರು ಫ್ರೇಮ್ ಬಂದು ಹೋದರೂ ಸಿಂಕ್ ಅನ್ನುವ ಮಾತೇ ಇಲ್ಲ. ಕಲ್ಲು ರಸ್ತೆಯಲ್ಲೇ ಬಿದ್ದಿದೆ, ಮೇಲೆ ಮೇಸ್ತ್ರಿ ಖಾಲಿ ಅಂಗಳ ನೋಡುತ್ತಾ ನಿಂತಿದ್ದಾನೆ. ಖಾಲಿ ಅಂಗಳ ಅಂದರೆ ಸೊನ್ನೆಗಳು. ವೈಯುವಿ ಬಣ್ಣದ ಲೆಕ್ಕದಲ್ಲಿ ಎಲ್ಲ ಸೊನ್ನೆ ಅಂದರೆ ಕಪ್ಪಲ್ಲ, ಹಸಿರು. ರಾವಣನ ಹಸಿರು ಎಲ್ಲಿಂದ ಬಂತು ಅಂತ ಈಗ ತಿಳಿಯಿತಲ್ವಾ.

ಡ್ರೈವರ್ ಬರೆದವನಿಗೆ ಇದು ಯಾಕೆ ಸಿಕ್ಕಿಬೀಳಲಿಲ್ಲ ಅಂದರೆ, ಇಂಟೆಲ್ ಪಿಸಿಯಲ್ಲಿ ಬೌನ್ಸ್ ಇಲ್ಲದಿದ್ದರೆ ಸಿಂಕ್ ಕರೆದರೂ ಒಂದೇ, ಕರೆಯದಿದ್ದರೂ ಒಂದೇ. ಸಿಪಿಯುವಿನ ಸ್ವಂತ ಕ್ಯಾಶೆ (ಅದರೊಳಗಿನ ಪುಟ್ಟ ಮೆಮೊರಿ) ಮತ್ತು ಡಿಎಂಎ ನಡುವಿನ ಹೊಂದಾಣಿಕೆ ಹಾರ್ಡ್‌ವೇರೇ ನೋಡಿಕೊಳ್ಳುತ್ತದೆ. ಎಷ್ಟೋ ಆರ್ಮ್ ಬೋರ್ಡುಗಳಲ್ಲಿ ಹಾಗಲ್ಲ, ಅಲ್ಲಿ ಸಿಂಕ್ ಬಿಟ್ಟರೆ ಹಳೇ ಚಿತ್ರವೇ ಕಾಣುತ್ತಿತ್ತು. ಅವನ ಟೇಬಲ್ಲಿನ ಮೇಲಿದ್ದದ್ದು ಕಡಿಮೆ ರ‍್ಯಾಮಿನ ಪಿಸಿ ಇದ್ದಿರಬೇಕು. ಕಡಿಮೆ ರ‍್ಯಾಮಿನಲ್ಲೂ ಪತ್ತೆ ಹಚ್ಚುವ ದಾರಿ ಇದೆ ಮಾರಾಯ್ರೇ, ಬೂಟ್ ಲೈನಿನಲ್ಲಿ (ಆನ್ ಆಗುವಾಗ ಕರ್ನಲ್ಲಿಗೆ ಕೊಡುವ ಸೂಚನೆಗಳ ಸಾಲು) ಸ್ವಿಯೋಟಿಎಲ್‌ಬಿಗೆ 'ಫೋರ್ಸ್' ಅಂತ ಕೊಟ್ಟರೆ ಎಲ್ಲವೂ ಬೌನ್ಸ್ ಮೂಲಕವೇ ಹೋಗುತ್ತದೆ. ನಾನು ಆಮೇಲೆ 2 ಜಿಬಿ ಕಡ್ಡಿ ವಾಪಸ್ ಹಾಕಿ ಹೀಗೆ ಮಾಡಿ ನೋಡಿದೆ. ಪೂರ್ತಿ ಹಸಿರು. ಐದು ನಿಮಿಷದ ಕೆಲಸ. ಮಾರುವ ಮೊದಲು ಇಷ್ಟು ಮಾಡಬಾರದಾ?

32 ಬಿಟ್ ಕಾರ್ಡು ಮಾರುವುದರ ಬಗ್ಗೆ ನನಗೆ ಸಿಟ್ಟಿಲ್ಲ. ಕಡಿಮೆ ಬೆಲೆಯ ಚಿಪ್ಪು, ಮಿತಿ ಇರುತ್ತದೆ. ಡ್ರೈವರ್ ಕೂಡ ತನ್ನ ಮಿತಿಯನ್ನು, ಎಷ್ಟು ಬಿಟ್ ವಿಳಾಸ ಎಟಕುತ್ತದೆ ಅಂತ ಕರ್ನಲ್ಲಿಗೆ ತಿಳಿಸುವ ಡಿಎಂಎ ಮಾಸ್ಕ್‌ನಲ್ಲಿ ಸರಿಯಾಗಿಯೇ ಹೇಳಿದೆ. ಮಿತಿ ಹೇಳಿಕೊಂಡ ಮೇಲೆ ಅದರ ಜವಾಬ್ದಾರಿ ಬಿಟ್ಟದ್ದಕ್ಕೆ ಸಿಟ್ಟು.

ಎರಡು ಸಾಲು ಸೇರಿಸಿದೆ. ಫ್ರೇಮ್ ಮುಗಿದಾಗ ಸಿಪಿಯುಗಾಗಿ ಸಿಂಕ್, ಬಫರ್ ವಾಪಸ್ ಕಾರ್ಡಿಗೆ ಕೊಡುವಾಗ ಡಿವೈಸ್‌ಗಾಗಿ ಸಿಂಕ್. ಹಸಿರು ಹೋಯಿತು. ಖುಷಿಯಲ್ಲಿ ಎರಡನೇ ಕ್ಯಾಮೆರಾ ಹಾಕಿದೆ, ಹ್ಯಾಂಗ್! ಲಾಗ್ ನೋಡಿದರೆ ಸ್ವಿಯೋಟಿಎಲ್‌ಬಿ ಬಫರ್ ತುಂಬಿದೆ ಅಂತ ಸಾಲು ಸಾಲು. ರಸ್ತೆ ಬದಿಯ ಜಾಗ ಸಾಮಾನ್ಯವಾಗಿ 64 ಎಂಬಿ. ಒಂದು ಫ್ರೇಮು 4 ಎಂಬಿ ಚಿಲ್ಲರೆ. ಫ್ರೇಮ್ ಬಿಟ್ಟುಹೋಗಬಾರದು ಅಂತ ನಾನೇ ಜಾಣತನ ಮಾಡಿ ಒಂದೊಂದು ಇನ್‌ಪುಟ್ಟಿಗೆ ಹತ್ತು ಬಫರ್ ಇಟ್ಟಿದ್ದೆ, ಒಟ್ಟು ಸುಮಾರು 83 ಎಂಬಿ ಬೇಕು. ಜಾಗ ಇಲ್ಲದಾಗ ಮ್ಯಾಪ್ ಸೋಲುತ್ತದೆ, ಸೋತದ್ದನ್ನು ಡ್ರೈವರ್ ಪರೀಕ್ಷಿಸಬೇಕು, ಇದು ಅದನ್ನೂ ಮಾಡಿಲ್ಲ. ಅದನ್ನೂ ಸೇರಿಸಿದೆ, ಬಫರ್ ನಾಲ್ಕಕ್ಕೆ ಇಳಿಸಿದೆ. ನಡೆಯಿತು. ಆದರೆ ಪ್ರತಿ ಫ್ರೇಮನ್ನೂ ಸಿಪಿಯು ಮತ್ತೆ ಹೊರುತ್ತಿದೆ, ಎರಡು ಕ್ಯಾಮೆರಾ, 25 ಫ್ರೇಮು, ಸೆಕೆಂಡಿಗೆ 200 ಎಂಬಿಗಿಂತ ಜಾಸ್ತಿ. ಡಿಎಂಎ ಇಟ್ಟುಕೊಂಡದ್ದು ಯಾತಕ್ಕೆ ಹಾಗಾದರೆ?

ಸರಿಯಾದ ಪರಿಹಾರ ಒಂದೋ ಬಫರನ್ನೇ ಡಿಎಂಎ32 ಝೋನಿನಿಂದ ಕೇಳುವುದು, ಇಲ್ಲವೇ ಐಒಎಂಎಂಯು. ಐಒಎಂಎಂಯು ಅಂದರೆ ಕಾರ್ಡಿಗೂ ರ‍್ಯಾಮಿಗೂ ನಡುವೆ ಕೂತ ದುಭಾಷಿ. ಕಾಸರಗೋಡಿನವರಿಗೆ ವಿವರಿಸಬೇಕಿಲ್ಲ, ಅರ್ಜಿ ಕನ್ನಡದಲ್ಲಿ ಬರೆದರೆ ಆಫೀಸಿನಲ್ಲಿ ಮಲಯಾಳಕ್ಕೆ ತಿರುಗಿಸಿ ಓದುತ್ತಾರಲ್ಲ, ಹಾಗೆ. ಕಾರ್ಡಿಗೆ ಸಣ್ಣ ವಿಳಾಸ ಕಾಣಿಸಿ, ನಿಜವಾಗಿ 10ನೇ ಜಿಬಿಗೆ ಬರೆಸುತ್ತದೆ. ಕಾಪಿ ಬೇಡ. ಇಂಟೆಲ್‌ನಲ್ಲಿ ಇದರ ಹೆಸರು ವಿಟಿ-ಡಿ, ನನ್ನ ಪಿಸಿಯ ಬಯಾಸಿನಲ್ಲಿ (ಲಿನಕ್ಸ್ ಶುರುವಾಗುವ ಮೊದಲೇ ಬರುವ ಸೆಟ್ಟಿಂಗ್) ಆಫ್ ಆಗಿತ್ತು. ಬಯಾಸಿಗೆ ಪಾಸ್‌ವರ್ಡ್, ಹಾಕಿದವರು ಯಾವ ಆಫೀಸಿನವರೋ ದೇವರಿಗೇ ಗೊತ್ತು. ಮತ್ತೆ ಅದೇ ಅಂಗಡಿ. ಜಂಪರ್ ತೆಗೆದು ಪಾಸ್‌ವರ್ಡ್ ಕಳೆದುಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಅಂಗಡಿಗೆ ನನ್ನಿಂದ ನಾಲ್ಕು ಸ್ಟಾರ್. ವಿಟಿ-ಡಿ ಆನ್ ಮಾಡಿ ಕರ್ನಲ್ ಲೈನಿನಲ್ಲಿ ಇಂಟೆಲ್ ಐಒಎಂಎಂಯು ಆನ್ ಅಂತ ಕೊಟ್ಟ ಮೇಲೆ ಹತ್ತು ಹತ್ತು ಬಫರ್ ಇಟ್ಟರೂ ಬೌನ್ಸ್ ಇಲ್ಲ, ಸಿಪಿಯು ತಣ್ಣಗೆ.

ತಗೊಳ್ಳುವವರಿಗೆ ಮೂರು ಮಾತು. ಬಯಾಸಿನಲ್ಲಿ 'ಅಬೋವ್ 4ಜಿ ಡಿಕೋಡಿಂಗ್' ಅಂತ ಒಂದಿದೆ, ಹೆಸರು ನೋಡಿ ಅದನ್ನು ಆನ್ ಮಾಡಿ ಕೂರಬೇಡಿ. ಅದು ಸಿಪಿಯು ಕಾರ್ಡಿನ ಒಳಗೆ ನೋಡುವ ಕಿಟಕಿಯ ವಿಷಯ, ಕಾರ್ಡು ರ‍್ಯಾಮಿಗೆ ಬರೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಬಚಾವ್ ಅಂತಲೂ ತಿಳಿಯಬೇಡಿ, 4 ಜಿಬಿಯ ಕೆಳಗೆ ಕಾರ್ಡುಗಳಿಗಾಗಿ ವಿಳಾಸ ಬಿಟ್ಟುಕೊಡಬೇಕಾದ್ದರಿಂದ ರ‍್ಯಾಮಿನ ಒಂದು ತುಂಡು ಮೇಲಕ್ಕೆ ಹೋಗಿ ಕೂತಿರುತ್ತದೆ. ಕೋಡ್ ಮುಟ್ಟಲು ಬಾರದವರು, ಬಯಾಸಿಗೂ ಹೋಗಲಾಗದವರು ಕರ್ನಲ್ ಲೈನಿನಲ್ಲಿ ಮೆಮ್ 4ಜಿ ಅಂತ ಕೊಟ್ಟು ಮೇಲಿನ ರ‍್ಯಾಮನ್ನೇ ಮರೆಸಬಹುದು. ದುಡ್ಡು ಕೊಟ್ಟ ರ‍್ಯಾಮು ದಂಡ, ಆದರೆ ಆಟ ತಪ್ಪುವುದಿಲ್ಲ.

ತಿದ್ದಿದ ಸಾಲುಗಳನ್ನು ಮಾರಿದವರಿಗೆ ಕಳಿಸಿದೆ. ಡ್ರೈವರ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ ಅಂತ ಉತ್ತರ ಬಂತು. ಡ್ರೈವರ್ ತಿಂದ ಒಂದು ಸ್ಟಾರಿನಲ್ಲಿ ಅರ್ಧ ಹೋದದ್ದು ಅಲ್ಲಿ.